ಬಸಿರು ನಿಲ್ಲದಿದ್ದರೆ ತಪ್ಪು ಯಾರದು?

ಬಸಿರು, ಬಾಣಂತನ ಹೆಂಗಸರ ಮಾತು. ಕೂಲಿ, ಬೋನಸ್ಸು, ತೆರಿಗೆಗಳ ವಿಚಾರ ಬರೆಯಬೇಕಾದ ಪತ್ರಿಕೆಯಲ್ಲಿ ಅದಕ್ಕೇನು ಕೆಲಸ ಎಂದು ಕೇಳುವವರು ನಮ್ಮೊಳಗೇ ಇದ್ದಾರೆ. ಎರಡನೆಯ ಪಾಳಿ ಮುಗಿಸಿ ಬಂದವನ ಮನೆಯಲ್ಲಿ ಏಳು ತಿಂಗಳ ಬಸುರಿ ಮುಖ ಬಾತುಕೊಂಡು, ತಲೆ ಸಿಡಿಯುತ್ತದೆಂದು ಗೋಡೆಗೆ ತಿರುಗಿ ಮಲಗಿದ್ದರೆ, ಅಂಗಡಿಯ ಬಾಗಿಲು ಹಾಕಿ ಬಂದವನಿಗೆ ಸೊಸೆಯ ಮೂರನೆಯ ಬಸಿರೂ ಇಳಿಯಿತೆಂಬ ಸುದ್ದಿ ಕಾದಿದ್ದರೆ, ಆ ಹೊತ್ತಿಗೆ ಆ ಮನೆಗೆ ಬೋನಸ್ಸಿನ ವಿಚಾರ ದೊಡ್ಡದಲ್ಲ. ಆಗ ಅಲ್ಲಿ ಆಡುವ ಮಾತುಗಳನ್ನು ನಾವೆಲ್ಲರೂ ಕೇಳಿದವರೇ. ಗ್ರಹಣದ ದಿನ ಹೊಸ್ತಿಲು ದಾಟಿದಳು. ಬೇಡವೆಂದರೂ ಪರಂಗಿ ಹಣ್ಣು ತಿಂದಳು. ಅವಳ ಕಾಲ್ಗುಣವೇ ಅಂಥದು. ಅವಳ ತವರಿನ ಕಡೆಯ ದೋಷ. ಮಾತು ಹತ್ತು ಬಗೆ. ಬೆರಳು ಮಾತ್ರ ಒಬ್ಬಳ ಕಡೆಗೇ.

ಈ ಮಾತುಗಳು ಸುಳ್ಳೆಂದು ಬರಿದೆ ಗದರಿಸಿದರೆ ಸಾಲದು. ಹಾಗಾದರೆ ನಿಜವೇನು ಎಂದು ಅತ್ತೆಯಾದವಳು ಕೇಳುತ್ತಾಳೆ. ಕೇಳುವ ಹಕ್ಕು ಆಕೆಗೆ ಇದೆ. ಎಲ್ಲ ಬಸಿರೂ ಒಂದೇ ಕಾರಣದಿಂದ ಇಳಿಯುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಇಳಿಯುವವುಗಳಲ್ಲಿ ಸುಮಾರು ಅರ್ಧಪಾಲು, ಪಿಂಡದ ಕಣಗಳಲ್ಲಿ ವರ್ಣತಂತುಗಳ ಲೆಕ್ಕ ಮೊದಲಿಗೇ ಹೆಚ್ಚುಕಡಿಮೆಯಾಗಿ ಹೋಗಿರುತ್ತವೆ. ಅದನ್ನು ಯಾರೂ ತಪ್ಪಿಸಲಾರರು. ಆದರೆ ಪದೇ ಪದೇ ಇಳಿಯುವ ಬಸಿರುಗಳಲ್ಲಿ ಕೆಲವಕ್ಕೂ, ತಿಂಗಳು ತುಂಬುತ್ತ ಬಂದ ಮೇಲೆ ತಾಯಿಯ ಪ್ರಾಣಕ್ಕೇ ಎರವಾಗುವ ಬಸುರಿನ ನಂಜಿಗೂ ಹಿಂದೆ ನಿಂತಿರುವ ಒಂದು ಸಂಗತಿ ಇದೆ. ಅದು ನಮ್ಮೆಲ್ಲರ ರಕ್ತದಲ್ಲಿಯೂ ಇರುವ ಒಂದು ಕಾವಲು ಏರ್ಪಾಟು. ಕಾಂಪ್ಲಿಮೆಂಟ್ ಎಂದು ಅದರ ಹೆಸರು. ಕನ್ನಡದಲ್ಲಿ ಪೂರಕ ಎನ್ನಬಹುದು. ನಾವು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು, ಆ ಚಟ ಇನ್ನೂ ಬಿಟ್ಟಿಲ್ಲ. ಓದುಗರು ಸ್ವಲ್ಪ ತಾಳಿಕೊಳ್ಳಬೇಕು.

1895ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಜೂಲ್ಸ್ ಬೋರ್ಡೆ ಎಂಬ ಬೆಲ್ಜಿಯಂ ದೇಶದ ತರುಣ ವೈದ್ಯನು ಒಂದು ವಿಚಿತ್ರವನ್ನು ಕಂಡನು. ರೋಗಾಣುವನ್ನು ಕೊಲ್ಲುವ ಶಕ್ತಿ ಪಡೆದ ಪ್ರಾಣಿಯ ರಕ್ತದ ತಿಳಿಯನ್ನು ಸುಮಾರು 55 ಡಿಗ್ರಿಯವರೆಗೆ ಕಾಯಿಸಿದರೆ ಆ ಶಕ್ತಿ ಹೋಗಿಬಿಡುತ್ತಿತ್ತು. ಅದಕ್ಕೆ ಬೇರೊಂದು ಸಾಮಾನ್ಯ ಪ್ರಾಣಿಯ ಹಸಿ ರಕ್ತದ ತಿಳಿಯನ್ನು ತುಸು ಬೆರೆಸಿದರೆ ಮತ್ತೆ ಬರುತ್ತಿತ್ತು. ಎಂದರೆ, ಶತ್ರುವನ್ನು ಗುರುತಿಸುವ ಪ್ರತಿಕಾಯ ಒಂದು, ಅದರ ಜತೆಗೂಡಿ ಕೊಲ್ಲುವ ಪೂರಕ ಇನ್ನೊಂದು. ಆ ಹೆಸರನ್ನಿಟ್ಟವನು ಜರ್ಮನಿಯ ಪಾಲ್ ಎರ್ಲಿಕ್. ಬೋರ್ಡೆಗೆ 1919ರ ನೊಬೆಲ್ ಬಹುಮಾನ ಬಂದಿತು. ಈ ಪೂರಕವನ್ನೇ ಬಳಸಿಕೊಂಡು 1906ರಲ್ಲಿ ವಾಸರ್‌ಮನ್ ಎಂಬವನು ಉಪದಂಶ ರೋಗಕ್ಕೆ ರಕ್ತಪರೀಕ್ಷೆಯೊಂದನ್ನು ಕಟ್ಟಿದನು. ಬಸುರಿಯರ ರಕ್ತವನ್ನು ಆ ಪರೀಕ್ಷೆಗೆ ಕಳಿಸುತ್ತಿದ್ದ ಕಾಲದಲ್ಲಿ, ಬಸಿರಿಗೂ ಪೂರಕಕ್ಕೂ ಬೇರೊಂದು ನಂಟಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಪೂರಕವೆಂಬುದು ಒಂದೇ ವಸ್ತುವಲ್ಲ. ಮುವ್ವತ್ತಕ್ಕೂ ಮಿಕ್ಕ ಸಸಾರಜನಕಗಳ, ಅಂದರೆ ಪ್ರೋಟೀನುಗಳ, ಒಂದು ದಂಡು. ಬಹುಪಾಲು ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ನಿದ್ದೆ ಮಾಡುತ್ತ ಸುತ್ತುತ್ತಿರುತ್ತವೆ. ಒಂದು ಎಚ್ಚೆತ್ತರೆ ಅದು ಹತ್ತನ್ನು ಎಬ್ಬಿಸುತ್ತದೆ, ಹತ್ತು ನೂರನ್ನು. ಕೊನೆಗೆ ಶತ್ರುವಿನ ಮೈಗೆ ತೂತು ಕೊರೆದು ಕೊಲ್ಲುತ್ತವೆ. ಇವುಗಳಲ್ಲಿ ಸಿ3 ಎಂಬುದು ಮುಖ್ಯ. ಅದು ಶತ್ರು ಬರಲೆಂದು ಕಾಯುವುದೂ ಇಲ್ಲ. ಹಗಲೂ ಇರುಳೂ ತನ್ನಷ್ಟಕ್ಕೆ ತಾನೇ ತುಸುತುಸು ಒಡೆದು, ಹತ್ತಿರ ಏನು ಸಿಕ್ಕಿದರೆ ಅದಕ್ಕೆ ಅಂಟಿಕೊಳ್ಳುತ್ತಿರುತ್ತದೆ. ತನ್ನವರು, ಪರರು ಎಂಬ ಭೇದ ಅದಕ್ಕಿಲ್ಲ.

ಹಾಗಾದರೆ ನಾವೆಲ್ಲ ನಮ್ಮ ರಕ್ತದಿಂದಲೇ ಏಕೆ ಸಾಯುವುದಿಲ್ಲ? ನೂಲಿನ ಗಿರಣಿಯ ಬ್ಲೋ ರೂಮಿನಲ್ಲಿ ದುಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾದ್ದಿಲ್ಲ. ಹತ್ತಿಯೊಳಗೆ ಸಿಕ್ಕ ಒಂದು ಮೊಳೆ ಯಂತ್ರದ ಹಲ್ಲಿಗೆ ತಾಗಿ ಕಿಡಿ ಹಾರುವುದು ಅಲ್ಲಿ ಅಪರೂಪವಲ್ಲ. ಕಿಡಿಯನ್ನು ಯಾರೂ ತಡೆಯಲಾರರು. ಅದಕ್ಕೆಂದೇ ಗೋಡೆಗೆ ಮರಳಿನ ಬಕೆಟ್ಟುಗಳನ್ನು ತೂಗುಹಾಕಿರುತ್ತಾರೆ. ನಮ್ಮ ಮೈಯ ಪ್ರತಿಯೊಂದು ಕಣವೂ ತನ್ನ ಹೊರಮೈ ಮೇಲೆ ಅಂಥ ಮರಳಿನ ಬಕೆಟ್ಟುಗಳನ್ನು ಇಟ್ಟುಕೊಂಡಿದೆ. ಸಿಡಿ 46, ಸಿಡಿ 55, ಸಿಡಿ 59 ಎಂದು ವಿಜ್ಞಾನಿಗಳು ಅವಕ್ಕೆ ಅಂಕಿ ಕೊಟ್ಟಿದ್ದಾರೆ. ಕಿಡಿ ಬಿದ್ದಲ್ಲಿಯೇ ಆರಿಸುವುದು ಇವುಗಳ ಕೆಲಸ. ರೋಗಾಣುಗಳಲ್ಲಿ ಹೆಚ್ಚಿನವಕ್ಕೆ ಇವಿಲ್ಲ. ಅದರಿಂದ ಅವು ಸುಡುತ್ತವೆ.

ಈಗ ಬಸಿರಿನ ಮಾತಿಗೆ ಬರೋಣ. ಒಬ್ಬರ ಚರ್ಮವನ್ನು ಇನ್ನೊಬ್ಬರಿಗೆ ಕಸಿ ಮಾಡಿದರೆ ಕೆಲವೇ ವಾರಗಳಲ್ಲಿ ಆ ದೇಹ ಅದನ್ನು ಕಿತ್ತೊಗೆಯುತ್ತದೆ. ಮಗುವಾದರೋ ಅರ್ಧ ತಾಯಿಯದು, ಅರ್ಧ ತಂದೆಯದು. ಎಂದರೆ ತಾಯಿಯ ದೇಹಕ್ಕೆ ಅರ್ಧ ಪರಕೀಯ. ಒಂಬತ್ತು ತಿಂಗಳು ಅದನ್ನು ಆಕೆ ಹೊತ್ತು ಸಾಕುವುದು ಹೇಗೆ ಎಂದು 1953ರಲ್ಲಿ ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ ಕೇಳಿದನು. ಹೆತ್ತವರು ಯಾರೂ ಕೇಳಿಕೊಳ್ಳದ ಪ್ರಶ್ನೆ ಅದು. ಪೂರ್ತಿ ಉತ್ತರ ಇಂದಿಗೂ ಸಿಕ್ಕಿಲ್ಲ. ಒಂದು ತುಂಡು ಮಾತ್ರ ಸಿಕ್ಕಿದೆ.

ಮಾಸು ಎಂದು ನಮ್ಮ ಸೂಲಗಿತ್ತಿಯರು ಹೆರಿಗೆಯಾದ ಮೇಲೆ ಹೂಳಿಸುವ ವಸ್ತುವನ್ನು ತಾಯಿಯ ಅಂಗವೆಂದು ಹಲವರು ತಿಳಿದಿದ್ದಾರೆ. ಅದರ ಬಹುಭಾಗ ಕಟ್ಟಿರುವುದು ಮಗುವಿನ ಕಣಗಳಿಂದ. ಅದರ ಬೇರುಗಳಂಥ ಕವಲುಗಳು ತಾಯಿಯ ರಕ್ತದಲ್ಲಿ ನೇರವಾಗಿ ಮುಳುಗಿರುತ್ತವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ 10 ಚದರ ಮೀಟರಿಗೂ ಮಿಕ್ಕುತ್ತದೆ, ಒಂದು ವಟಾರದ ಕೋಣೆಯಷ್ಟು! ತುಂಬಿದ ಬಸುರಿಯಲ್ಲಿ ಅದರ ಮೇಲೆ ನಿಮಿಷಕ್ಕೆ ಅರ್ಧ ಲೀಟರಿಗಿಂತಲೂ ಹೆಚ್ಚು ತಾಯಿಯ ರಕ್ತ ಹರಿಯುತ್ತದೆ. ಆ ರಕ್ತದ ತುಂಬ ಪೂರಕದ ಕಿಡಿ. ಮಗುವಿನ ಆ ಕಣಗಳು ಉಳಿಯಬೇಕಾದರೆ ಮರಳಿನ ಬಕೆಟ್ಟುಗಳು ಸಾಲುಸಾಲಾಗಿ ಇರಲೇಬೇಕು, ನೋಡಿದರೆ ಇವೆ. ಮೂರೂ ಬಗೆಯವು ದಟ್ಟವಾಗಿ ಇವೆ.

ಇಲ್ಲದಿದ್ದರೆ ಏನಾಗುತ್ತದೆಂಬುದನ್ನು 2000ದಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಇಲಿಗಳಲ್ಲಿ ಇದೇ ಕೆಲಸ ಮಾಡುವ ಒಂದು ತಡೆಯನ್ನು ತೆಗೆದುಹಾಕಿದಾಗ ಮರಿಗಳು ಒಂದೂ ಉಳಿಯದೆ ಬಸಿರಿನಲ್ಲಿಯೇ ಸತ್ತವು. ಅದೇ ಇಲಿಗಳಲ್ಲಿ ಸಿ3 ಎಂಬ ಕಿಡಿಯನ್ನೂ ಇಲ್ಲದಂತೆ ಮಾಡಿದಾಗ ಮರಿಗಳು ಜೀವಂತ ಹುಟ್ಟಿದವು. ತಾಯಿ ಇಲಿ ಗ್ರಹಣ ನೋಡಿರಲಿಲ್ಲ. ಅದರ ಕಾಲ್ಗುಣವನ್ನೂ ಯಾರೂ ಕೇಳಲಿಲ್ಲ.

ಪೂರಕ ಕೆಟ್ಟದ್ದು, ಅದನ್ನು ತೊಲಗಿಸಿದರಾಯಿತು ಎಂದು ಯಾರಾದರೂ ತಿಳಿದರೆ ಅದು ಅವಸರದ ತೀರ್ಮಾನವಾದೀತು. ಬಸಿರು ನೆಲೆಗೊಳ್ಳುವಾಗ ಮಗುವಿನ ಕಣಗಳು ಗರ್ಭಕೋಶದ ಗೋಡೆಯೊಳಗೆ ಇಳಿದು ತಾಯಿಯ ಕಿರಿಯ ರಕ್ತನಾಳಗಳನ್ನು ಅಗಲಿಸಬೇಕಾಗುತ್ತದೆ. ಸಿ1ಕ್ಯೂ ಎಂಬ ಪೂರಕದ ಭಾಗ ಈ ಕೆಲಸಕ್ಕೆ ಕೈಕೊಡುತ್ತದೆ. ಮಾಸಿನಿಂದ ದಿನವೂ ಉದುರುವ ಕಸವನ್ನು ಗುಡಿಸುವುದೂ ಪೂರಕವೇ. ಬಸುರಿಗೆ ಸೋಂಕು ತಗಲದಂತೆ ಕಾಯುವುದೂ ಅದೇ. ಕಾವಲೂ ಬೇಕು, ಕಾವಲಿಗೆ ಕಡಿವಾಣವೂ ಬೇಕು. ಇವೆರಡರ ತೂಕ ತಪ್ಪಿದಾಗ ಮಾತ್ರ ಕೇಡು.

ತೂಕ ತಪ್ಪುವ ಒಂದು ಬಗೆಯನ್ನು ಇಲ್ಲಿ ವಿವರವಾಗಿ ಹೇಳಬೇಕು. ಏಕೆಂದರೆ ಅದಕ್ಕೆ ಮದ್ದಿದೆ. ಕೆಲವು ಹೆಂಗಸರ ರಕ್ತದಲ್ಲಿ ಫಾಸ್ಫೋಲಿಪಿಡ್ ವಿರೋಧಿ ಎಂಬ ತಪ್ಪು ಪ್ರತಿಕಾಯಗಳು ಹುಟ್ಟಿಕೊಂಡಿರುತ್ತವೆ. ಅವು ಮಾಸಿನ ಮೇಲೆ ಕೂರುತ್ತವೆ, ಬಸಿರು ಮತ್ತೆ ಮತ್ತೆ ಇಳಿಯುತ್ತದೆ. ಇಂಥವರಿಗೆ ಹೆಪಾರಿನ್ ಚುಚ್ಚುಮದ್ದನ್ನೂ ಸಣ್ಣ ಪ್ರಮಾಣದ ಆಸ್ಪಿರಿನ್ನನ್ನೂ ವೈದ್ಯರು ಕೊಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಹೆಪಾರಿನ್ ಕೆಲಸ ಮಾಡುತ್ತದೆಂದು ಬಹುಕಾಲ ನಂಬಲಾಗಿತ್ತು. 2004ರಲ್ಲಿ ನ್ಯೂಯಾರ್ಕಿನಲ್ಲಿ ಜೇನ್ ಸಾಲ್ಮನ್ ಎಂಬ ವೈದ್ಯೆಯೂ ಆಕೆಯ ಸಂಗಡಿಗರೂ ಇಲಿಗಳಲ್ಲಿ ಪರೀಕ್ಷಿಸಿ ನೋಡಿದರು. ಹೆಪ್ಪನ್ನು ಮಾತ್ರ ತಡೆಯುವ ಬೇರೆ ಮದ್ದುಗಳು ಮರಿಗಳನ್ನು ಉಳಿಸಲಿಲ್ಲ. ಪೂರಕವನ್ನೂ ತಡೆಯುವ ಹೆಪಾರಿನ್ ಉಳಿಸಿತು. ಮದ್ದು ಹಳೆಯದು, ಅದು ನಡೆಯುವ ದಾರಿ ಹೊಸದಾಗಿ ತಿಳಿಯಿತು. ಬಸಿರು ಪದೇ ಪದೇ ಇಳಿದ ಹೆಂಗಸಿಗೆ ಈ ಪ್ರತಿಕಾಯಗಳಿವೆಯೇ ಎಂದು ರಕ್ತ ಪರೀಕ್ಷಿಸಿ ಹೇಳಬಹುದು. ಮೂರು ಸಲ ಬಸಿರು ಇಳಿದವಳನ್ನು ತವರಿಗಟ್ಟಿ ಎರಡನೆಯ ಸಂಬಂಧ ಹುಡುಕಲು ಹೊರಡುವ ಮನೆಗಳು ಆ ಓಡಾಟದ ಖರ್ಚಿಗಿಂತ ಕಡಿಮೆಯಲ್ಲಿ ಈ ಪರೀಕ್ಷೆಯನ್ನು ಮಾಡಿಸಬಹುದಾಗಿತ್ತು.

ಇನ್ನು ಬಸುರಿನ ನಂಜು. ವೈದ್ಯರು ಪ್ರಿಎಕ್ಲಾಂಪ್ಸಿಯ ಎನ್ನುತ್ತಾರೆ. ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ರಕ್ತದ ಒತ್ತಡ ಏರುತ್ತದೆ, ಮೂತ್ರದಲ್ಲಿ ಸಸಾರಜನಕ ಸೋರುತ್ತದೆ. ಬಿಗಡಾಯಿಸಿದರೆ ಸೆಳವು ಬರುತ್ತದೆ, ಯಕೃತ್ತು, ಮೂತ್ರಪಿಂಡಗಳು ಕೆಡುತ್ತವೆ. ಲೋಕದಲ್ಲಿ ನೂರು ಬಸುರಿಯರಲ್ಲಿ 3ರಿಂದ 8 ಮಂದಿಗೆ ಇದು ತಗಲುತ್ತದೆ. ವರ್ಷಕ್ಕೆ 40,000ಕ್ಕೂ ಮಿಕ್ಕಿ ತಾಯಂದಿರು ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ರಕ್ತನಾಳಗಳು ಸರಿಯಾಗಿ ಅಗಲವಾಗದಿದ್ದರೆ ಮಾಸು ಬಳಲುತ್ತದೆ, ಅದರಿಂದ ಕಸ ಹೆಚ್ಚು ಉದುರುತ್ತದೆ, ತಾಯಿಯ ರಕ್ತನಾಳಗಳ ಒಳಮೈ ಕೆರಳುತ್ತದೆ. ಈ ಕೆರಳಿಕೆಯಲ್ಲಿ ಪೂರಕದ ಕಿಡಿಗೂ ಕೈಯಿದೆ. ಪೂರಕವೊಂದೇ ಕಾರಣವೆಂದು ಯಾವ ಪ್ರಾಮಾಣಿಕ ವೈದ್ಯನೂ ಹೇಳಲಾರ. ಆದರೆ 2011ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಲೂಪಸ್ ಇಲ್ಲವೆ ಮೇಲೆ ಹೇಳಿದ ತಪ್ಪು ಪ್ರತಿಕಾಯಗಳಿದ್ದು ನಂಜಿಗೂ ತುತ್ತಾದ 40 ಹೆಂಗಸರ ವಂಶವಾಹಿಗಳನ್ನು ನೋಡಿದಾಗ 7 ಮಂದಿಯಲ್ಲಿ ಪೂರಕವನ್ನು ಹಿಡಿದಿಡುವ ಭಾಗಗಳಲ್ಲಿಯೇ ಹುಟ್ಟು ದೋಷವಿತ್ತು. ಹುಟ್ಟಿನಿಂದ ಬಂದುದಕ್ಕೆ ಯಾರನ್ನು ಬೈಯುವುದು?

ಬೈಯಲೇಬೇಕೆಂಬ ಹಟವಿದ್ದರೆ ಗಂಡಸರಾದ ನಾವೂ ಪಾಲು ತೆಗೆದುಕೊಳ್ಳಬೇಕಾಗುತ್ತದೆ. ಮಾಸು ಮಗುವಿನದೆಂದೆವಲ್ಲವೆ? ಅದರ ಮೇಲಿನ ಮರಳಿನ ಬಕೆಟ್ಟುಗಳಲ್ಲಿ ಅರ್ಧ ತಂದೆಯಿಂದ ಬಂದವು. ನಾರ್ವೆ ದೇಶದಲ್ಲಿ ಹೆರಿಗೆಗಳ ದಾಖಲೆಯನ್ನು ಎಲ್ಲ ಮನೆಗಳದೂ ಸರಕಾರ ಇಟ್ಟಿರುತ್ತದೆ. 1998ರಲ್ಲಿ ಆ ದಾಖಲೆಗಳನ್ನು ಸೋಸಿ ನೋಡಿದವರಿಗೆ ಕಂಡದ್ದು ಇದು: ಒಬ್ಬ ಹೆಂಗಸಿನ ನಂಜಿನ ಬಸಿರಿಗೆ ತಂದೆಯಾದವನು ಇನ್ನೊಬ್ಬಳನ್ನು ಕೂಡಿದಾಗ, ಅವಳಿಗೂ ನಂಜು ತಗಲುವ ಸಂಭವ ಸುಮಾರು ಎರಡರಷ್ಟು. ಎರಡನೆಯ ಮದುವೆಯಿಂದ ದೋಷ ಕಳೆಯುತ್ತದೆಂದು ಪಂಚಾಂಗ ತೆಗೆಯುವವರು ಈ ಲೆಕ್ಕವನ್ನೂ ಒಮ್ಮೆ ತೆಗೆದು ನೋಡಬೇಕು.

ಕಿಡಿ ಗೊತ್ತಾಯಿತು, ಆರಿಸುವ ಮದ್ದಿಲ್ಲವೇ ಎಂದು ಕೇಳಬಹುದು. ಇದೆ. ಎಕ್ಯುಲಿಜುಮಾಬ್ ಎಂಬುದು ಪೂರಕದ ಸರಪಳಿಯಲ್ಲಿ ಸಿ5 ಎಂಬ ಕೊಂಡಿಯನ್ನು ಹಿಡಿದು ನಿಲ್ಲಿಸುತ್ತದೆ. 2007ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು, ರಕ್ತಕಣಗಳು ತಮ್ಮ ಮರಳಿನ ಬಕೆಟ್ಟುಗಳನ್ನೇ ಕಳೆದುಕೊಳ್ಳುವ ಒಂದು ಅಪರೂಪದ ರೋಗಕ್ಕೆ. ಆ ರೋಗವಿದ್ದವಳಿಗೆ ಬಸಿರೆಂದರೆ ಪ್ರಾಣಾಪಾಯವಾಗಿತ್ತು. ಈ ಮದ್ದಿನ ಆಸರೆಯಲ್ಲಿ ನಡೆದ 75 ಬಸಿರುಗಳ ವರದಿ 2015ರಲ್ಲಿ ಬಂದಾಗ ಅವುಗಳಲ್ಲಿ ಒಬ್ಬ ತಾಯಿಯೂ ಸತ್ತಿರಲಿಲ್ಲ. 2013ರಲ್ಲಿ ವರದಿಯಾದ ಇನ್ನೊಂದು ಪ್ರಕರಣದಲ್ಲಿ, 26 ವಾರದ ಬಸುರಿಗೆ ಕಡುನಂಜು ಏರಿದಾಗ ಇದೇ ಮದ್ದಿನಿಂದ ಹೆರಿಗೆಯನ್ನು 17 ದಿನ ಮುಂದೂಡಲು ಸಾಧ್ಯವಾಯಿತು. ಅಷ್ಟು ಎಳೆಯ ಮಗುವಿಗೆ 17 ದಿನವೆಂದರೆ ಸಣ್ಣದಲ್ಲ. ಆದರೆ ಇದು ಒಬ್ಬಳ ಕಥೆ. ನಂಜಿಗೆ ಇದು ಒಪ್ಪಿತವಾದ ಮದ್ದಾಗಿಲ್ಲ. ಕಾವಲನ್ನು ಕಟ್ಟಿಹಾಕಿದವರಿಗೆ ಮಿದುಳಿನ ಪೊರೆಯ ಸೋಂಕು ಸುಲಭವಾಗಿ ತಗಲುತ್ತದೆಂಬ ಭಯವೂ ಇದೆ.

ಅದರ ಬೆಲೆ? 2010ರ ಹೊತ್ತಿಗೆ ಒಬ್ಬ ರೋಗಿಗೆ ವರ್ಷಕ್ಕೆ 4 ಲಕ್ಷ ಡಾಲರಿಗೂ ಮಿಕ್ಕಿತ್ತು. ತಯಾರಿಸಿದ ಕಂಪನಿಯನ್ನು 2021ರಲ್ಲಿ ಇನ್ನೊಂದು ಕಂಪನಿ 39 ಶತಕೋಟಿ ಡಾಲರಿಗೆ ಕೊಂಡಿತು. ವಿಜ್ಞಾನಿಗಳ ದುಡಿಮೆಯನ್ನು ನಾವು ಹೀಗಳೆಯುವುದಿಲ್ಲ. ಅವರ ಜಾಣ್ಮೆಗೆ ತಲೆಬಾಗುತ್ತೇವೆ. ಆದರೆ ಸಣ್ಣ ವ್ಯಾಪಾರಿಗೆ ಲಾಭದ ಲೆಕ್ಕ ಗೊತ್ತು. ಹತ್ತಕ್ಕೆ ತಂದದ್ದನ್ನು ಹನ್ನೆರಡಕ್ಕೆ ಮಾರಿದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಪ್ರಾಣ ಉಳಿಸುವ ವಸ್ತುವಿಗೆ ಒಬ್ಬನೇ ಮಾರುವವನಿದ್ದರೆ ಬೆಲೆ ಹೇಗೆ ಕೂರುತ್ತದೆಂಬುದನ್ನು ಅಂಗಡಿಯವರಿಗೆ ನಾವು ಕಲಿಸಬೇಕಾದ್ದಿಲ್ಲ.

ಇಷ್ಟಾದರೂ ನಾವು ಈ ಲೇಖನವನ್ನು ಬರೆಯುತ್ತಿರುವುದು ಆ ಮದ್ದಿಗಾಗಿ ಅಲ್ಲ. ನಂಜಿನಿಂದ ಸಾಯುವ ತಾಯಂದಿರಲ್ಲಿ ಬಹುಪಾಲು ಜನ ಅದು ಸಿಗದೆ ಸಾಯುವುದಿಲ್ಲ. ತೋಳಿಗೆ ಒಂದು ಪಟ್ಟಿ ಸುತ್ತಿ ಒತ್ತಡ ಅಳೆಯುವವರು ಸಕಾಲದಲ್ಲಿ ಸಿಗದೆ ಸಾಯುತ್ತಾರೆ. ಒಳಗೆ ಕಿಡಿ ಎಲ್ಲಿ ಹೊತ್ತಿದೆಯೋ ಕಣ್ಣಿಗೆ ಕಾಣದು. ಹೊಗೆ ಮಾತ್ರ ಆ ಪಟ್ಟಿಯಲ್ಲಿ ಕಾಣುತ್ತದೆ. 140ರ ಮೇಲೆ 90 ಮುಟ್ಟಿದರೆ ವೈದ್ಯರ ಕಣ್ಣಳತೆಯಲ್ಲಿರಬೇಕು; 160ರ ಮೇಲೆ 110 ಆದರೆ ಆ ಗಳಿಗೆಯಲ್ಲೇ ಆಸ್ಪತ್ರೆ. ಬಿಡದ ತಲೆನೋವು, ಕಣ್ಣಿಗೆ ಮಂಜು ಕವಿಯುವುದು, ಎದೆಗೂಡಿನ ಕೆಳಗೆ ಬಲಗಡೆ ನೋವು, ಮುಖ ಕೈಗಳು ಇದ್ದಕ್ಕಿದ್ದಂತೆ ಬಾಯುವುದು, ಇವು ಬೆಳಗಾಗಲಿ ಎಂದು ಕಾಯುವ ಲಕ್ಷಣಗಳಲ್ಲ.

ಸೆಳವನ್ನು ತಡೆಯುವ ಮದ್ದಾದರೂ ದುಬಾರಿಯೇ? ಮೆಗ್ನೀಸಿಯಂ ಸಲ್ಫೇಟ್. ಕಿರಾಣಿ ಅಂಗಡಿಯವರು ಎಪ್ಸಂ ಉಪ್ಪೆಂದು ಬಲ್ಲ ಲವಣವೇ ಅದು. ಆಸ್ಪತ್ರೆಯಲ್ಲಿ ಶುದ್ಧವಾಗಿ ಚುಚ್ಚುಮದ್ದಿನ ರೂಪದಲ್ಲಿ ಕೊಡುತ್ತಾರೆ. ಯಾರೂ ಮನೆಯಲ್ಲಿ ಕಲಸಿ ಕುಡಿಸಬಾರದು! 33 ದೇಶಗಳ ಸುಮಾರು 10,000 ಬಸುರಿಯರ ಮೇಲೆ ನಡೆದ ಪರೀಕ್ಷೆ 2002ರಲ್ಲಿ ಪ್ರಕಟವಾದಾಗ, ಈ ಲವಣ ಸೆಳವಿನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು ತಿಳಿಯಿತು. ನಂಜು ಬರುವ ಸಂಭವ ಹೆಚ್ಚಿರುವವರಿಗೆ ಮೂರು ತಿಂಗಳು ತುಂಬುವ ಹೊತ್ತಿನಿಂದ ದಿನಕ್ಕೊಂದು 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದ ಪರೀಕ್ಷೆ 2017ರದು: ದಿನ ತುಂಬುವ ಮುಂಚೆಯೇ ಹೆರಿಗೆ ಮಾಡಿಸಬೇಕಾಗಿ ಬರುವಂಥ ನಂಜು ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಯಾರಿಗೆ ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ಊಟದಲ್ಲಿ ಸುಣ್ಣದಂಶ ಕಡಿಮೆಯಿರುವ ಹೆಂಗಸರಿಗೆ ಕ್ಯಾಲ್ಸಿಯಂ ಗುಳಿಗೆಯೂ ನಂಜನ್ನು ತಗ್ಗಿಸುತ್ತದೆ; ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಅದನ್ನು ಪುಕ್ಕಟೆ ಕೊಡುವ ಏರ್ಪಾಟಿದೆ. ಕೊಟ್ಟ ಗುಳಿಗೆ ಗೂಡಿನಲ್ಲಿ ಧೂಳು ತಿನ್ನುತ್ತ ಬಿದ್ದಿರುವುದನ್ನೂ ನಾವು ನೋಡಿದ್ದೇವೆ.

ಹೀಗೆ ಮದ್ದು ಅಗ್ಗ, ಅಳತೆ ಅಗ್ಗ. ದುಬಾರಿಯಾದದ್ದು ಒಂದು ದಿನದ ಕೂಲಿ. ತಪಾಸಣೆಗೆ ಹೋದ ದಿನ ಹಾಜರಿ ಬೀಳುವುದಿಲ್ಲವೆಂದರೆ ರೀಲಿಂಗಿನ ಹೆಂಗಸು ಮುಂದಿನ ತಿಂಗಳಿಗೆ ನೂಕುತ್ತಾಳೆ. ಮುಂದಿನ ತಿಂಗಳು ಅದರ ಮುಂದಿನದಕ್ಕೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತೆಂದು ಕಾನೂನಿನಲ್ಲಿದೆ, ಸಂತೋಷ. ಆದರೆ ಮನೆಯಲ್ಲಿ ಬೀಡಿ ಕಟ್ಟುವವಳಿಗೆ, ಗಂಡನ ಸಂಗಡ ತರಕಾರಿಯ ಗಾಡಿ ತಳ್ಳುವವಳಿಗೆ ರಜೆ ಕೊಡುವ ಧಣಿ ಯಾರು? ಗಿರಣಿಯ ಬೇಡಿಕೆಗಳ ಪಟ್ಟಿಯಲ್ಲಿ ಬಸುರಿಯ ತಪಾಸಣೆಯ ದಿನಕ್ಕೆ ಪೂರ್ತಿ ಕೂಲಿ ಎಂಬ ಒಂದು ಸಾಲನ್ನು ಸೇರಿಸುವಂತೆ ನಾವು ಕಾರ್ಮಿಕ ಸಂಘದ ಕಮಿಟಿಯವರನ್ನು ಕೇಳುತ್ತೇವೆ. ಗಿರಣಿಯ ದವಾಖಾನೆಯಲ್ಲಿ ಒತ್ತಡ ಅಳೆಯುವ ಯಂತ್ರ ಕೆಟ್ಟು ಕೂತಿದ್ದರೆ ಅದೂ ಒಂದು ತಕರಾರೇ. ಕ್ಯಾಂಟೀನಿನ ಚಹಾ ತೆಳುವಾದದ್ದಕ್ಕೆ ಮಾಡುವಷ್ಟು ಗದ್ದಲವನ್ನಾದರೂ ಅದಕ್ಕೆ ಮಾಡಬೇಕು. ವರ್ತಕರ ಸಂಘದವರು ಗಣೇಶೋತ್ಸವದ ಪಟ್ಟಿಯಲ್ಲಿ ಉಳಿದ ಹಣದಿಂದ ಪೇಟೆಬೀದಿಗೆ ಇಂಥದೊಂದು ಯಂತ್ರವನ್ನು ಕೊಂಡು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟರೆ ಅವರ ಗಂಟೇನೂ ಕರಗದು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಪುಕ್ಕಟೆ ತಪಾಸಣೆಯ ಏರ್ಪಾಟಿದೆ. ತಾಯಿ ಕಾರ್ಡಿನಲ್ಲಿ ಒತ್ತಡದ ಅಂಕಿ ಬರೆಸಿಕೊಂಡು ಬಂದಿದ್ದಾಳೆಯೇ ಎಂದು ಅವತ್ತು ಸಂಜೆ ಗಂಡಸರು ನೋಡಬೇಕು. ಓದಲು ಬರುವವರು ಓದಬೇಕು, ಬಾರದವರು ನೆರೆಮನೆಯ ಹುಡುಗನಿಂದ ಓದಿಸಬೇಕು.

ಇನ್ನೊಂದು ಮಾತು. ಮಾಸು ಬಿದ್ದ ಮೇಲೆ ನಂಜು ಹೆಚ್ಚಿನವರಲ್ಲಿ ಇಳಿಯುತ್ತದೆ, ಆದರೆ ಎಲ್ಲರಲ್ಲಿಯೂ ಆ ದಿನವೇ ಇಳಿಯುವುದಿಲ್ಲ. ಹೆರಿಗೆಯಾಗಿ ನಾಲ್ಕಾರು ದಿನವಾದ ಮೇಲೆ, ಕೆಲವೊಮ್ಮೆ ಅದಕ್ಕೂ ತಡವಾಗಿ, ಸೆಳವು ಬಂದದ್ದುಂಟು. ಆಗ ಮನೆಯವರೆಲ್ಲ ಮಗುವಿನ ಸುತ್ತ ಇರುತ್ತಾರೆ. ಬಾಣಂತಿ ಕತ್ತಲೆ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡಿರುವುದರಿಂದ ಅವಳಿಗೆ ತಲೆನೋವಿದೆಯೆಂಬುದೂ ಯಾರಿಗೂ ತಿಳಿಯುವುದಿಲ್ಲ. ಮೊದಲ ವಾರದಲ್ಲಿ ಆಶಾ ಕಾರ್ಯಕರ್ತೆ ಮಗುವನ್ನು ತೂಗಲು ಬಂದಾಗ ತಾಯಿಯ ತೋಳಿಗೂ ಪಟ್ಟಿ ಸುತ್ತಿಸುವಂತೆ ಕೇಳಿರಿ. ಆಕೆಯ ಬಳಿ ಯಂತ್ರವಿಲ್ಲದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಆಟೋದಲ್ಲಿ ಕರೆದೊಯ್ಯಿರಿ. ಬಾಣಂತಿಗೆ ಗಾಳಿ ತಗಲುತ್ತದೆಂದು ಅಜ್ಜಿ ತಡೆದರೆ ಶಾಲು ಹೊದಿಸಿ ಕರೆದೊಯ್ಯಿರಿ.